ಮಾತು ತಿಳಿಯದೆ ನೋಡಿದ ಬಾಲ್ಯದ ಅನಿಮೇಷನ್ ಚಿತ್ರಗಳು: ಆ ಪ್ರೀತಿ ಇನ್ನೂ ಏಕೆ ಉಳಿದಿದೆ?

ಹೇಮಾವತಿ ತೀರ (ಚರ್ಚೆ ಆರಂಭಿಸಿದವರು)

ಕಳೆದ ಭಾನುವಾರ ಎಂಟು ವರ್ಷದ ಮಗನೊಂದಿಗೆ ಕುಳಿತು, ಡಂಬೊ ಎಂಬ ಆನೆಮರಿಯ ಕಥೆ ಹೇಳುವ ಡಿಸ್ನಿಯ ‘ಡಂಬೊ’ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಎಷ್ಟನೆಯ ಬಾರಿ ಎಂಬ ಲೆಕ್ಕ ನನ್ನಲ್ಲಿಲ್ಲ. ಹುಚ್ಚು ಹಿಡಿದಿದೆಯೆಂದು ಸರ್ಕಸ್ಸಿನವರು ಬಂಡಿಯಲ್ಲಿ ಕೂಡಿಹಾಕಿದ ತಾಯಿ ಆನೆ, ರಾತ್ರಿಯ ಹೊತ್ತು ತನ್ನನ್ನು ಹುಡುಕಿಕೊಂಡು ಬಂದ ಮರಿಗಾಗಿ ಕಂಬಿಗಳ ಸಂದಿಯಿಂದ ಸೊಂಡಿಲು ಚಾಚುವ ದೃಶ್ಯ ಬಂದಾಗ, ಒಂಬತ್ತರ ವಯಸ್ಸಿನಲ್ಲಿ ಗಂಟಲು ಹೇಗೆ ಬಿಗಿದಿತ್ತೋ ನಲವತ್ತೇಳರಲ್ಲೂ ಹಾಗೆಯೇ ಬಿಗಿಯಿತು. ಅಂದಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕುಳಿತಿದೆ, ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಾನು ಈ ಚಿತ್ರವನ್ನು ಮೊದಲು ನೋಡಿದ್ದು 1987ರ ಬೇಸಿಗೆ ರಜೆಯಲ್ಲಿ, ಹಾಸನ ಜಿಲ್ಲೆಯ ನಮ್ಮ ಊರಿನಲ್ಲಿ. ದುಬೈನಲ್ಲಿ ಕೆಲಸಕ್ಕಿದ್ದ ನೆಂಟರೊಬ್ಬರು ರಜೆಗೆ ಬರುವಾಗ ವಿಸಿಆರ್ ಮತ್ತು ನಾಲ್ಕೈದು ಕ್ಯಾಸೆಟ್‌ಗಳನ್ನು ತಂದಿದ್ದರು. ಕರೆಂಟು ಇರುವ ಹೊತ್ತು ನೋಡಿಕೊಂಡು, ಹಜಾರದಲ್ಲಿ ಚಾಪೆ ಹಾಸಿ, ಅಕ್ಕಪಕ್ಕದ ಮನೆಯ ಮಕ್ಕಳನ್ನೂ ಸೇರಿಸಿಕೊಂಡು ಇಪ್ಪತ್ತು ಜನ ಕುಳಿತು ನೋಡಿದೆವು. ನಾನು ಆಗಷ್ಟೇ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿದ್ದೆ. ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೆಯ ತರಗತಿಯಿಂದ. ಅಲ್ಲಿದ್ದ ಮಕ್ಕಳಲ್ಲಿ ಒಬ್ಬರಿಗೂ ಚಿತ್ರದ ಒಂದು ಮಾತೂ ತಿಳಿಯುವಂತಿರಲಿಲ್ಲ. ನಮ್ಮ ಹಿಂದೆ, ಗೋಡೆಗೆ ಒರಗಿ, ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದ ನಮ್ಮ ದೊಡ್ಡತ್ತೆ ನಡುನಡುವೆ ಕಥೆ ಹೇಳುತ್ತಿದ್ದರು. “ನೋಡ್ರೋ ಮಕ್ಳಾ, ಕಾಲಿಗೆ ಸರಪಳಿ ಹಾಕವ್ರೆ, ಅದಕ್ಕೇ ಕಿಟಕಿ ತಂಕ ಬರಕ್ಕಾಯ್ತಿಲ್ಲ” ಎಂದು ಅವರು ಹೇಳಿದ್ದು ನನಗೆ ಇಂದಿಗೂ ಆ ದೃಶ್ಯದ ಭಾಗವಾಗಿಯೇ ಕೇಳಿಸುತ್ತದೆ. ಚಿತ್ರದ ಮೂಲ ಧ್ವನಿಪಥದಲ್ಲಿ ಅತ್ತೆಯ ಆ ಮಾತು ಇಲ್ಲ ಎಂಬುದೇ ಪ್ರತಿ ಸಲ ಒಂದು ಕೊರತೆಯಂತೆ ತೋರುತ್ತದೆ.

ಆನೆ ನಮಗೆ ಅಪರೂಪದ ಪ್ರಾಣಿಯಲ್ಲ. ಆಲೂರು, ಸಕಲೇಶಪುರದ ಕಡೆಯವರಿಗೆ ಆನೆ ಎಂದರೆ ರಾತ್ರಿ ಗದ್ದೆಗೆ ಇಳಿಯುವ ಭಯ, ತಮಟೆ, ಪಂಜು, ಬೆಳಿಗ್ಗೆ ನೋಡಿದರೆ ಮುರಿದು ಬಿದ್ದ ಬಾಳೆ. ಆ ಭಯದ ಪ್ರಾಣಿಯ ಮರಿಯೊಂದು ತನ್ನದೇ ಕಿವಿಯ ಮೇಲೆ ಕಾಲಿಟ್ಟು ಮುಗ್ಗರಿಸುವುದನ್ನು ನೋಡಿದ ಮೇಲೆ, ನಾನಂತೂ ಆನೆಯನ್ನು ಮೊದಲಿನ ಕಣ್ಣಿನಿಂದ ನೋಡಲೇ ಇಲ್ಲ.

ದೊಡ್ಡವನಾದ ಮೇಲೆ ತಿಳಿದ ಸಂಗತಿ ಇದು: 1941ರಲ್ಲಿ ಬಂದ, ಕೇವಲ 64 ನಿಮಿಷಗಳ ಆ ಚಿತ್ರದಲ್ಲಿ ಡಂಬೊ ಒಂದೇ ಒಂದು ಮಾತನ್ನೂ ಆಡುವುದಿಲ್ಲ. ತಾಯಿ ಆನೆ ಕೂಡ ಮಗುವಿನ ಹೆಸರನ್ನು ಹೇಳುವುದನ್ನು ಬಿಟ್ಟರೆ ಮೌನವಾಗಿಯೇ ಇರುತ್ತದೆ. ಹಾಗಾದರೆ ನಾವು ಹಜಾರದಲ್ಲಿ ಕುಳಿತು ಕಳೆದುಕೊಂಡದ್ದು ಬಹಳ ಕಡಿಮೆ ಎಂದಾಯಿತು. ನನ್ನ ಪ್ರಶ್ನೆ ಇಷ್ಟೇ. ಬಾಲ್ಯದ ಅನಿಮೇಷನ್ ಚಿತ್ರಗಳ ಮೇಲೆ ನಮ್ಮಂಥವರಿಗೆ ಉಳಿದಿರುವ ಈ ಗಾಢವಾದ ಪ್ರೀತಿಗೆ, ಅವುಗಳನ್ನು ಭಾಷೆ ತಿಳಿಯದೆ, ಬರೀ ಗೆರೆ ಮತ್ತು ಬಣ್ಣವನ್ನೇ ನೆಚ್ಚಿಕೊಂಡು ನೋಡಿದ್ದೇ ಕಾರಣವಿರಬಹುದೇ? ನಿಮ್ಮ ಅನುಭವವನ್ನು ದಯವಿಟ್ಟು ಬರೆಯಿರಿ.

ಗೆರೆಬಣ್ಣ

ನಾನು ಹದಿನೆಂಟು ವರ್ಷಗಳಿಂದ ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸ ಮಾಡುತ್ತಿದ್ದೇನೆ, ಕಾಗದದ ಮೇಲೆ ಪೆನ್ಸಿಲ್ ಹಿಡಿದು ಕಲಿತ ಕೊನೆಯ ತಂಡಗಳಲ್ಲಿ ಒಬ್ಬ. ನೀವು ಹೇಳಿದ ದೃಶ್ಯವನ್ನು ನಾನು ಕಲಿಯುವ ಕಾಲದಲ್ಲಿ ಒಂದೊಂದೇ ಚೌಕಟ್ಟು ನಿಲ್ಲಿಸಿ ನೋಡಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯಲು ಅನುಮತಿ ಕೊಡಿ.

ಡಂಬೊನನ್ನು ಚಿತ್ರಿಸಿದ ಮುಖ್ಯ ಕಲಾವಿದ ಬಿಲ್ ಟಿಟ್ಲಾ. ಅದಕ್ಕೆ ಹಿಂದಿನ ವರ್ಷವಷ್ಟೇ, ಡಿಸ್ನಿಯದೇ ‘ಫ್ಯಾಂಟೇಸಿಯಾ’ ಚಿತ್ರದಲ್ಲಿ ಬೆಟ್ಟದ ತುದಿಯಿಂದ ರೆಕ್ಕೆ ಬಿಚ್ಚುವ ದೈತ್ಯನನ್ನು ಬರೆದಿದ್ದವರು ಅವರೇ. ಅಂಥ ಭಯಾನಕ ಆಕೃತಿಗಳಿಗೆ ಹೆಸರಾಗಿದ್ದ ಕೈಯೇ ಈ ಮರಿ ಆನೆಯನ್ನೂ ಬರೆಯಿತು. ಮಾದರಿಯಾಗಿ ಅವರು ಇಟ್ಟುಕೊಂಡದ್ದು ಸರ್ಕಸ್ಸಿನ ಆನೆಯನ್ನಲ್ಲ, ತಮ್ಮ ಮನೆಯಲ್ಲಿದ್ದ ಎರಡು ವರ್ಷದ ಮಗನನ್ನು. ಆದ್ದರಿಂದ ಡಂಬೊ ಸ್ನಾನ ಮಾಡುವಾಗ ನೀರು ಬಡಿಯುವುದು, ತಾಯಿಯ ಕಾಲುಗಳ ಸಂದಿಯಲ್ಲಿ ಅವಿತು ಓಡುವುದು ಎಲ್ಲವೂ ಆನೆಯ ಮೈಯಲ್ಲಿರುವ ಮನುಷ್ಯ ಕೂಸಿನ ಚಲನೆ. ಕಂಬಿಯ ದೃಶ್ಯದಲ್ಲಿ ಗಮನಿಸಿ: ಮೊದಲು ತಾಯಿಯ ಸೊಂಡಿಲು ಗಾಳಿಯಲ್ಲಿ ಕುರುಡರ ಕೈಯಂತೆ ತಡಕುತ್ತದೆ, ಮರಿಯ ಸೊಂಡಿಲಿನ ತುದಿ ಅದಕ್ಕೆ ತಾಕುತ್ತದೆ, ಆಮೇಲೆಯೇ ಆ ಭಾರವಾದ ಸೊಂಡಿಲು ತಲೆ ಸವರಿ, ಕೊನೆಗೆ ತೊಟ್ಟಿಲಿನಂತೆ ಬಾಗಿ ಮಗುವನ್ನು ಎತ್ತಿಕೊಳ್ಳುತ್ತದೆ. ತಾಯಿಯ ಮುಖ ಕಂಬಿಯ ಹಿಂದೆ ಇರುವುದರಿಂದ ನಟನೆಯ ಹೊರೆಯೆಲ್ಲ ಸೊಂಡಿಲಿನ ಮೇಲೆಯೇ ಬಿದ್ದಿದೆ. ಮುಖವಿಲ್ಲದೆ, ಮಾತಿಲ್ಲದೆ ತಾಯಿಯೊಬ್ಬಳನ್ನು ಬರೆಯುವುದು ಎಷ್ಟು ಕಷ್ಟವೆಂದು ಈ ಕೆಲಸದಲ್ಲಿರುವವರಿಗೆ ಗೊತ್ತು.

ಸಿನಿಮಾದ ಪರದೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಹಿಡಿದರೂ ಸೆಕೆಂಡಿಗೆ 12 ಚಿತ್ರಗಳು ಬೇಕು. ಪೆನ್ಸಿಲ್ಲಿನ ಆ ಪ್ರತಿಯೊಂದು ಚಿತ್ರವನ್ನೂ ಪಾರದರ್ಶಕ ಸೆಲ್ ಹಾಳೆಯ ಮೇಲೆ ಶಾಯಿಯಲ್ಲಿ ನಕಲಿಳಿಸಿ, ಹಾಳೆಯ ಹಿಂಬದಿಯಿಂದ ಬಣ್ಣ ತುಂಬಬೇಕು. ಆ ಕಾಲದಲ್ಲಿ ಈ ಕೆಲಸ ಮಾಡುತ್ತಿದ್ದವರು ಬಹುಪಾಲು ಹೆಣ್ಣುಮಕ್ಕಳು, ಅವರಲ್ಲಿ ಹೆಚ್ಚಿನವರ ಹೆಸರು ಚಿತ್ರದ ಹೆಸರುಪಟ್ಟಿಯಲ್ಲೂ ಇರುತ್ತಿರಲಿಲ್ಲ. ‘ಡಂಬೊ’ದ ಹಿನ್ನೆಲೆಗಳು ಜಲವರ್ಣದವು, ಹಾಗಾಗಿ ಡೇರೆಯ ಮೇಲಿನ ಮಳೆ, ರಾತ್ರಿಯ ನೀಲಿ ಎಲ್ಲವೂ ಈಗಷ್ಟೇ ಒಣಗಿದಂತೆ ಕಾಣುತ್ತವೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೌದು. ನಮಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು, ಧ್ವನಿ ಪೂರ್ತಿ ತೆಗೆದು ನೋಡು, ಕಥೆ ತಿಳಿಯದಿದ್ದರೆ ಮತ್ತೆ ಬರೆ ಎಂಬುದು. ಇನ್ನೊಂದು, ಆಕೃತಿಯನ್ನು ಪೂರ್ತಿ ಕಪ್ಪು ಮಾಡಿ ನೆರಳಿನಂತೆ ನೋಡಿದರೂ ಅದು ಅಳುತ್ತಿದೆಯೋ ನಗುತ್ತಿದೆಯೋ ತಿಳಿಯಬೇಕು ಎಂಬುದು. ನಿಮ್ಮ ಹಜಾರದಲ್ಲಿ ಕುಳಿತಿದ್ದ ಇಪ್ಪತ್ತು ಜನ ಆ ಪರೀಕ್ಷೆಯನ್ನೇ ಅರಿವಿಲ್ಲದೆ ನಡೆಸಿದ್ದೀರಿ.

ಕರಾವಳಿ ಕಿಟಕಿ

ನನ್ನ ಚಿತ್ರ ‘ದಿ ಲಯನ್ ಕಿಂಗ್’. ಅದು ಬಂದದ್ದು 1994ರಲ್ಲಿ, ನಾನು ನೋಡಿದ್ದು ಆ ದಶಕದ ಕೊನೆಗೆ, ವಿಸಿಡಿಯಲ್ಲಿ. ಅಪ್ಪ ಆಗ ಮಸ್ಕತ್‌ನಲ್ಲಿದ್ದರು, ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು.

ಎಲ್ಲರೂ ಹೇಳುವುದು ಕಮರಿಯಲ್ಲಿ ಕಾಡೆಮ್ಮೆಯಂಥ ಪ್ರಾಣಿಗಳ ಹಿಂಡು ನುಗ್ಗುವ ದೃಶ್ಯವನ್ನು. ನನಗೆ ಮಾತ್ರ ಅದಕ್ಕಿಂತ ಮೊದಲು ಬರುವ ಒಂದು ಚಿಕ್ಕ ತುಣುಕು ಮುಖ್ಯ. ಹೋಗಬಾರದ ಜಾಗಕ್ಕೆ ಹೋಗಿ ಸಿಕ್ಕಿಬಿದ್ದ ಸಿಂಹದ ಮರಿ ಸಿಂಬಾನನ್ನು ಅಪ್ಪ ಕರೆಯುತ್ತಾನೆ. ಅಂಜುತ್ತ ಹುಲ್ಲಿನ ನಡುವೆ ನಡೆದು ಬರುವ ಮರಿಯ ಮುಂಗಾಲು ಅಪ್ಪನ ಹೆಜ್ಜೆಗುರುತಿನ ಒಳಗೆ ಬೀಳುತ್ತದೆ. ಮರಿ ತಲೆ ತಗ್ಗಿಸಿ ನೋಡುತ್ತದೆ. ಆ ದೊಡ್ಡ ಗುಂಡಿಯೊಳಗೆ ತನ್ನ ಪಾದ ಎಷ್ಟು ಸಣ್ಣದು ಎಂಬುದು ಅದಕ್ಕೆ ಕಾಣುತ್ತದೆ. ಮಾತೇ ಇಲ್ಲ. ಅಪ್ಪ ವಾಪಸು ಹೋದ ಮೇಲೆ ಅವರು ಮನೆಯಲ್ಲಿ ಬಿಟ್ಟುಹೋದ ಚಪ್ಪಲಿಯೊಳಗೆ ಕಾಲಿಟ್ಟು ಅಂಗಳದಲ್ಲಿ ನಡೆಯುತ್ತಿದ್ದ ನನಗೆ, ಅದನ್ನು ಅಮೆರಿಕದಲ್ಲಿ ಕುಳಿತ ಯಾರೋ ಹೇಗೆ ತಿಳಿದುಕೊಂಡರು ಎಂದು ಆಶ್ಚರ್ಯವಾಗಿತ್ತು.

ಇನ್ನೊಂದು ಮಾತು. ಆ ಚಿತ್ರದ ಆರಂಭದಲ್ಲಿ ಸೂರ್ಯ ಹುಟ್ಟುವಾಗ ಕೇಳಿಬರುವ ಕೂಗು ಇಂಗ್ಲಿಷ್ ಅಲ್ಲ, ಜುಲು ಭಾಷೆಯದು, ಹಾಡಿದವರು ದಕ್ಷಿಣ ಆಫ್ರಿಕಾದ ಲೆಬೊ ಎಂ. ಅಮೆರಿಕದ ಪ್ರೇಕ್ಷಕರಿಗೂ ಅದರ ಅರ್ಥ ತಿಳಿದಿರಲಿಲ್ಲ, ಆದರೂ ಜಗತ್ತಿನಲ್ಲಿ ಆ ಚಿತ್ರವನ್ನು ಪ್ರೀತಿಸಿದ ಎಲ್ಲರಿಗೂ ಮೊದಲು ನೆನಪಾಗುವುದು ಅದೇ ಕೂಗು. ಆ ಒಂದು ನಿಮಿಷದ ಮಟ್ಟಿಗೆ ನಾವೆಲ್ಲ ಒಂದೇ ಚಾಪೆಯ ಮೇಲೆ ಕುಳಿತಿದ್ದೆವು.

ಬಯಲುಸೀಮೆ

ಎಲ್ಲರ ಬರಹವನ್ನೂ ಪ್ರೀತಿಯಿಂದ ಓದಿದೆ. ಆದರೆ ಮೂಲ ಬರಹದ ನಿಲುವನ್ನು ನಾನು ಒಪ್ಪಲಾರೆ, ಮತ್ತು ಇದನ್ನು ಕೋಪದಿಂದಲ್ಲ, ನೋವಿನಿಂದ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಕಥೆ ಹೇಳುವ ಅತ್ತೆ ಇರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋದ ಮೇಲೆ, ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಟಿವಿ ನೋಡುತ್ತಿದ್ದವನು ನಾನು. ಜಪಾನಿನ ಯೂಗೊ ಸಾಕೊ ಅವರು ನಮ್ಮ ದೇಶದ ಅನಿಮೇಷನ್ ಕಲಾವಿದ ರಾಮ್ ಮೋಹನ್ ಅವರ ಜೊತೆ ಸೇರಿ ಮಾಡಿದ ರಾಮಾಯಣದ ಅನಿಮೇಷನ್ ಚಿತ್ರವನ್ನು ಕಾರ್ಟೂನ್ ನೆಟ್‌ವರ್ಕ್ ವಾಹಿನಿಯಲ್ಲಿ ಎಷ್ಟು ಸಲ ನೋಡಿದ್ದೇನೆಂದು ಲೆಕ್ಕವಿಲ್ಲ. ಉತ್ಖನನದ ಬಗ್ಗೆ ಸಾಕ್ಷ್ಯಚಿತ್ರ ಮಾಡಲು 1983ರಲ್ಲಿ ಭಾರತಕ್ಕೆ ಬಂದ ಸಾಕೊ ಅವರು ರಾಮಾಯಣಕ್ಕೆ ಮನಸೋತು, ಸುಮಾರು ಹತ್ತು ವರ್ಷ ಅದಕ್ಕಾಗಿಯೇ ದುಡಿದರು. ಆ ಚಿತ್ರದಲ್ಲಿ ಕುಂಭಕರ್ಣ ಏಳುವ ದೃಶ್ಯ, ಸೇತುವೆ ಕಟ್ಟುವಾಗ ಕಲ್ಲುಗಳ ಮೇಲೆ ಬೀಳುವ ಬಿಸಿಲು, ಇವೆಲ್ಲ ನನಗೆ ಬಾಯಿಪಾಠ. ಕಥೆ ನಮ್ಮದು. ಊರಿನ ಬಯಲಾಟದಲ್ಲಿ, ಭಜನೆಯಲ್ಲಿ, ಶಾಲೆಯ ಪಾಠದಲ್ಲಿ ಅದು ಕನ್ನಡದಲ್ಲೇ ಇತ್ತು. ಪರದೆಯ ಮೇಲೆ ಮಾತ್ರ ನನ್ನ ರಾಮ ನನ್ನ ಜೊತೆ ಒಂದು ದಿನವೂ ಕನ್ನಡದಲ್ಲಿ ಮಾತನಾಡಲಿಲ್ಲ. 2025ರ ಜನವರಿ 24ರಂದು ಅದೇ ಚಿತ್ರ ಹೊಸ ಮೆರುಗಿನೊಂದಿಗೆ ಚಿತ್ರಮಂದಿರಗಳಿಗೆ ಬಂದಾಗ ಹಿಂದಿ, ತಮಿಳು, ತೆಲುಗು, ಇಂಗ್ಲಿಷ್‌ಗಳಲ್ಲಿ ಬಂತು. ಮೂವತ್ತು ವರ್ಷ ಕಾದ ಮೇಲೂ ನಾನು ಇನ್ನೊಬ್ಬರ ಭಾಷೆಯ ಟಿಕೆಟ್ಟನ್ನೇ ಕೊಂಡೆ.

ಡಬ್ಬಿಂಗ್ ಬೇಡವೆಂದು ನಮ್ಮ ಹಿರಿಯರು 1960ರ ದಶಕದಲ್ಲಿ ಹೋರಾಡಿದ್ದಕ್ಕೆ ಕಾರಣಗಳಿದ್ದವು. ಮದ್ರಾಸಿನ ನೆರಳಿನಲ್ಲಿ ಬೆಳೆಯುತ್ತಿದ್ದ ಸಣ್ಣ ಚಿತ್ರರಂಗವನ್ನು, ಅಲ್ಲಿ ದುಡಿಯುವವರ ಅನ್ನವನ್ನು ಉಳಿಸಿಕೊಳ್ಳಬೇಕಿತ್ತು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಆ ಬೇಲಿಯೊಳಗೆ ಮಕ್ಕಳ ಚಿತ್ರಗಳೂ ಸಿಕ್ಕಿಕೊಂಡವು. ಒಂದು ಸಿಂಹದ ಮರಿ ಕನ್ನಡ ಮಾತನಾಡಿದ್ದರೆ ಯಾವ ನಟನ ಅವಕಾಶವೂ ಹೋಗುತ್ತಿರಲಿಲ್ಲ. 2009ರಲ್ಲಿ ಕನ್ನಡದ ಮಕ್ಕಳ ವಾಹಿನಿ ಚಿಂಟು ಟಿವಿ ಬಂದಾಗ ನಾನು ಕಾಲೇಜು ಸೇರಿದ್ದೆ. ನನ್ನ ತಮ್ಮ ಕಾರ್ಟೂನುಗಳನ್ನು ಕನ್ನಡದಲ್ಲಿ ಕೇಳಿ ನಗುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. 2015ರಲ್ಲಿ ಡಬ್ಬಿಂಗ್ ತಡೆಯುವುದು ತಪ್ಪೆಂದು ಭಾರತದ ಸ್ಪರ್ಧಾ ಆಯೋಗದ ತೀರ್ಪು ಬಂದು, ಅದಾಗಿ ಎರಡು ವರ್ಷಕ್ಕೆ ಚಿತ್ರಮಂದಿರಗಳಲ್ಲಿ ಡಬ್ಬಿಂಗ್ ಶುರುವಾಗುವ ಹೊತ್ತಿಗೆ ನಮ್ಮ ತಲೆಮಾರಿನ ಬಾಲ್ಯ ಮುಗಿದುಹೋಗಿತ್ತು.

ಹಾಗಾಗಿ, ಭಾಷೆ ತಿಳಿಯದೆ ನೋಡಿದ್ದೇ ಭಾಗ್ಯ ಎಂದು ದಯವಿಟ್ಟು ಹೇಳಬೇಡಿ. ಅದು ನಮಗೆ ಆಗಿದ್ದ ಕೊರತೆ. ಆ ಕೊರತೆಯನ್ನು ದಾಟಿಯೂ ನಾವು ಆ ಚಿತ್ರಗಳನ್ನು ಪ್ರೀತಿಸಿದೆವು ಎಂದು ಹೇಳಿ, ಒಪ್ಪುತ್ತೇನೆ.

ತುಂಗೆಯ ಮಗಳು

ಬಯಲುಸೀಮೆ ಅವರ ಮಾತು ಎದೆಗೆ ತಾಕಿತು. ಆದರೂ ಇನ್ನೊಂದು ಬದಿಯಿಂದ ಹೇಳಬೇಕಾದ ಸಂಗತಿಯೊಂದು ನನ್ನಲ್ಲಿದೆ.

ನಾನು ತೀರ್ಥಹಳ್ಳಿಯ ಕಡೆಯವಳು, ಹನ್ನೆರಡು ವರ್ಷಗಳಿಂದ ಜರ್ಮನಿಯಲ್ಲಿದ್ದೇನೆ. ‘ಮೈ ನೇಬರ್ ಟೊಟೊರೊ’ ನನ್ನ ಬಾಲ್ಯದ ಚಿತ್ರವಲ್ಲ. ಜಪಾನಿನ ನಿರ್ದೇಶಕ ಹಯಾವೊ ಮಿಯಾಜಾಕಿ ಅದನ್ನು ಮಾಡಿದ್ದು 1988ರಲ್ಲಾದರೂ ನಾನು ನೋಡಿದ್ದು ನನ್ನ ಮಗಳಿಗೆ ನಾಲ್ಕು ವರ್ಷವಾದಾಗ, ಅವಳ ಪಕ್ಕದಲ್ಲಿ ಕುಳಿತು. ಆದರೆ ಅದರಲ್ಲಿ ನನ್ನ ಬಾಲ್ಯವಿತ್ತು. ಅಕ್ಕ ತಂಗಿ ಇಬ್ಬರೂ ಕತ್ತಲಾಗುತ್ತಿರುವ ಹೊತ್ತಿನಲ್ಲಿ, ಮಳೆಯಲ್ಲಿ, ಅಪ್ಪನ ಬಸ್ಸಿಗಾಗಿ ಕಾಯುತ್ತ ನಿಂತಿರುತ್ತಾರೆ. ತಂಗಿ ಅಕ್ಕನ ಬೆನ್ನ ಮೇಲೆಯೇ ನಿದ್ದೆ ಹೋಗುತ್ತಾಳೆ. ಕೊಡೆಯ ಅಂಚಿನ ಕೆಳಗೆ ಮೊದಲು ಕಾಣುವುದು ಉಗುರುಗಳಿರುವ ಎರಡು ದೊಡ್ಡ ಪಾದಗಳು. ಟೊಟೊರೊ ಎಂಬ ಕಾಡಿನ ದೊಡ್ಡ ಜೀವಿ ತಲೆಯ ಮೇಲೆ ಒಂದು ಎಲೆ ಇಟ್ಟುಕೊಂಡು ಬಂದು ಪಕ್ಕದಲ್ಲಿ ನಿಂತಿರುತ್ತದೆ. ನಮ್ಮ ಊರಿನಲ್ಲಿ ಶಾಲೆಯಿಂದ ಬರುವಾಗ ಮಳೆ ಹಿಡಿದರೆ ನಾವು ತಲೆಗೆ ಇಟ್ಟುಕೊಳ್ಳುತ್ತಿದ್ದುದು ಕೆಸುವಿನ ಎಲೆಯನ್ನೇ. ಅಕ್ಕ ಕೊಟ್ಟ ಕೊಡೆಯನ್ನು ಹಿಡಿದು ನಿಂತ ಟೊಟೊರೊಗೆ, ಮರದ ಕೊಂಬೆಯಿಂದ ಹನಿಗಳು ಕೊಡೆಯ ಬಟ್ಟೆಯ ಮೇಲೆ ಟಪ್ಪೆಂದು ಬೀಳುವ ಸದ್ದು ಕೇಳಿ ಮೈ ನವಿರೇಳುತ್ತದೆ. ಇನ್ನಷ್ಟು ಹನಿ ಬೀಳಲೆಂದು ಅದು ನೆಲ ನಡುಗುವಂತೆ ಜಿಗಿಯುತ್ತದೆ, ಮರದಲ್ಲಿ ನಿಂತಿದ್ದ ನೀರೆಲ್ಲ ಒಂದೇ ಸಲ ಸುರಿಯುತ್ತದೆ. ಮಲೆನಾಡಿನಲ್ಲಿ ಮಳೆ ನಿಂತ ಮೇಲೂ ಮರದ ಕೆಳಗೆ ಮಳೆ ನಿಲ್ಲುವುದಿಲ್ಲ, ಅದನ್ನು ಕಂಡವರಿಗೆ ಈ ದೃಶ್ಯಕ್ಕೆ ಬೇರೆ ಭಾಷೆ ಬೇಕಾಗಿಲ್ಲ.

ನಾವು ಅದನ್ನು ಜಪಾನಿ ಭಾಷೆಯಲ್ಲೇ ನೋಡುತ್ತೇವೆ. ಮಗಳಿಗೆ ಜಪಾನಿ ಬಾರದು, ನನಗೂ ಬಾರದು. ಅಡಿಬರಹ ಓದಿಕೊಂಡು ನಾನು ಅವಳಿಗೆ ಕನ್ನಡದಲ್ಲಿ ಹೇಳುತ್ತೇನೆ. ಜರ್ಮನ್ ಡಬ್ಬಿಂಗ್ ಇದೆ, ಅವಳಿಗೆ ಜರ್ಮನ್ ಚೆನ್ನಾಗಿಯೇ ಬರುತ್ತದೆ. ಆದರೆ ಆ ಧ್ವನಿ ಹಾಕಿದರೆ ಅವಳು ಒಬ್ಬಳೇ ನೋಡುತ್ತಾಳೆ, ಜಪಾನಿ ಹಾಕಿದರೆ ನನ್ನ ತೋಳಿಗೆ ಒರಗಿ “ಆಮೇಲೆ?” ಎಂದು ಕೇಳುತ್ತಾಳೆ. ಅವಳಿಗೆ ‘ಒದ್ದೆ’, ‘ಹನಿ’, ‘ಬೊಡ್ಡೆ’, ‘ಪೊಟರೆ’ ಎಂಬ ಪದಗಳೆಲ್ಲ ಬಂದದ್ದು ಆ ಚಿತ್ರದಿಂದ. ಡಬ್ಬಿಂಗ್ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಮಾತು ತಿಳಿಯದ ಚಿತ್ರವೇ ಕನ್ನಡಕ್ಕೆ ಜಾಗ ಕೊಟ್ಟಿತು ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಹೇಮಾವತಿ ತೀರ

ಬಯಲುಸೀಮೆ ಅವರಿಗೆ: ನಿಮ್ಮ ಬರಹವನ್ನು ಮೂರು ಸಲ ಓದಿದೆ. ನಾನು ಕೊರತೆಯನ್ನೇ ಕಾರಣವೆಂದು ಬರೆದಿದ್ದು ತಪ್ಪು, ಅದನ್ನು ಹಿಂತೆಗೆದುಕೊಳ್ಳುತ್ತೇನೆ. ನನ್ನ ಬೆನ್ನ ಹಿಂದೆ ಒಬ್ಬರು ಕುಳಿತಿದ್ದರು, ನಿಮ್ಮ ಹಿಂದೆ ಯಾರೂ ಇರಲಿಲ್ಲ. ನನಗೆ ಹಿತವಾಗಿ ಉಳಿದ ನೆನಪು ನಿಮಗೆ ಹಾಗೆ ಉಳಿಯಲು ಸಾಧ್ಯವಿರಲಿಲ್ಲ ಎಂಬುದನ್ನು ನಾನು ಯೋಚಿಸಬೇಕಿತ್ತು.

ಒಂದನ್ನು ಮಾತ್ರ ಬಿಟ್ಟುಕೊಡಲು ಮನಸ್ಸು ಬರುತ್ತಿಲ್ಲ. ಇಂಗ್ಲಿಷ್ ಕಲಿತ ಮೇಲೆ ಆ ಚಿತ್ರವನ್ನು ನೋಡಿದಾಗ ನನಗೆ ಹೊಸದಾಗಿ ತಿಳಿದದ್ದರಲ್ಲಿ ಸಂತೋಷಪಡುವಂಥದ್ದು ಬಹಳ ಇರಲಿಲ್ಲ. ಉಳಿದ ಆನೆಗಳು ಮರಿಯ ಕಿವಿಯನ್ನು ಆಡಿಕೊಳ್ಳುವ ಮಾತುಗಳು ನಾನು ಊಹಿಸಿದ್ದಕ್ಕಿಂತ ಕ್ರೂರವಾಗಿದ್ದವು. ಕಾಗೆಗಳ ಗುಂಪಿನ ಮಾತಿನ ಧಾಟಿಯಲ್ಲಿ ಅಮೆರಿಕದ ಕಪ್ಪು ಜನರನ್ನು ಹಗುರವಾಗಿ ಕಾಣುವ ಅಂದಿನ ರೂಢಿ ಇದೆ ಎಂಬುದೂ ಆಗಲೇ ತಿಳಿದದ್ದು. ಆ ಚಿತ್ರವನ್ನು ತೋರಿಸುವ ಡಿಸ್ನಿಯ ಸ್ಟ್ರೀಮಿಂಗ್ ಸೇವೆಯೇ ಕೆಲವು ವರ್ಷ ಆರಂಭದಲ್ಲಿ ಈ ಕುರಿತು ಎಚ್ಚರಿಕೆಯ ಮಾತು ಹಾಕುತ್ತಿತ್ತು. ಮಗನಿಗೆ ನಾನು ಅದನ್ನು ಮುಚ್ಚಿಡಲಿಲ್ಲ. ಆ ಕಾಲದಲ್ಲಿ ಹಾಗೆ ಬರೆದವರು ತಪ್ಪು ಮಾಡಿದ್ದರು ಎಂದು ಚಿತ್ರ ನಿಲ್ಲಿಸಿ ಹೇಳಿದೆ, ಅವನು ಕೇಳಿಸಿಕೊಂಡ. ಪ್ರೀತಿಸುವ ಚಿತ್ರದ ತಪ್ಪನ್ನು ನಾವೇ ಹೇಳದಿದ್ದರೆ ಅವನಿಗೆ ಇನ್ಯಾರು ಹೇಳುತ್ತಾರೆ?

ಗೆರೆಬಣ್ಣ

ಆ ಚಿತ್ರದ ಹಿಂದೆ ಇನ್ನೊಂದು ನೋವೂ ಇದೆ. 1941ರ ಮೇ ತಿಂಗಳಲ್ಲಿ, ಚಿತ್ರದ ಕೆಲಸ ನಡೆಯುತ್ತಿರುವಾಗಲೇ, ಡಿಸ್ನಿ ಸ್ಟುಡಿಯೊದ ಕಲಾವಿದರು ಸಂಬಳ ಮತ್ತು ಸಂಘದ ಹಕ್ಕಿಗಾಗಿ ಮುಷ್ಕರ ಹೂಡಿದರು. ಬಿಲ್ ಟಿಟ್ಲಾ ಕೂಡ ಮುಷ್ಕರ ಹೂಡಿದವರ ಜೊತೆ ಹೊರಗೆ ನಿಂತರು. ಎರಡು ವರ್ಷದೊಳಗೆ ಅವರು ಆ ಸ್ಟುಡಿಯೊವನ್ನು ಬಿಟ್ಟರು, ಅಂಥ ಪಾತ್ರ ಅವರಿಗೆ ಮತ್ತೆ ಸಿಗಲಿಲ್ಲ. ಅಷ್ಟು ಮೃದುವಾದ ಗೆರೆಯ ಹಿಂದೆ ಅಷ್ಟು ಕಲಹವಿತ್ತು ಎಂದು ತಿಳಿದ ಮೇಲೆ ನನಗೆ ಆ ಗೆರೆಯ ಮೇಲಿನ ಗೌರವ ಹೆಚ್ಚಿದೆ.

ಕನ್ನಡದಲ್ಲಿ ಮಾತನಾಡುವ ಅನಿಮೇಷನ್ ಬಗ್ಗೆ ಬಯಲುಸೀಮೆ ಅವರು ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ಈ ಊರಿನ ಸ್ಟುಡಿಯೊಗಳಲ್ಲಿ ಕುಳಿತು ನಮ್ಮ ಹುಡುಗ ಹುಡುಗಿಯರು ಎಷ್ಟೋ ವರ್ಷಗಳಿಂದ ಹೊರದೇಶದ ಚಿತ್ರಗಳಿಗೆ ಬಣ್ಣ, ಬೆಳಕು, ಚಲನೆ ಕೊಡುತ್ತಿದ್ದಾರೆ. ಆ ಕೈಗಳು ಕನ್ನಡದ ಕಥೆಗೆ ದುಡಿದದ್ದು ತೀರಾ ಕಡಿಮೆ.

ಬಯಲುಸೀಮೆ

ಹೇಮಾವತಿ ತೀರ ಅವರೇ, ನೀವು ಹಿಂತೆಗೆದುಕೊಳ್ಳಬೇಕಾದ ಅಗತ್ಯವಿರಲಿಲ್ಲ, ಆದರೂ ಮನಸ್ಸು ತುಂಬಿ ಬಂತು.

ಗೆರೆಬಣ್ಣ ಅವರ ಮಾತಿಗೆ ಸೇರಿಸಿ ಒಂದು ಸಂಗತಿ ಹೇಳುತ್ತೇನೆ. ಕಳೆದ ವರ್ಷ, ಅಂದರೆ 2025ರ ಜುಲೈನಲ್ಲಿ, ‘ಮಹಾವತಾರ ನರಸಿಂಹ’ ಬಿಡುಗಡೆಯಾದಾಗ ಆರು ವರ್ಷದ ಮಗಳನ್ನು ಕರೆದುಕೊಂಡು ದಾವಣಗೆರೆಗೆ ಹೋಗಿ ಕನ್ನಡದಲ್ಲೇ ನೋಡಿದೆ. ಅದು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ, ಕೈಬರಹದ ಗೆರೆಯ ಹದ ಅದರಲ್ಲಿಲ್ಲ, ಕೆಲವು ಕಡೆ ಮುಖಗಳ ಚಲನೆ ಬಿಗಿಯಾಗಿದೆ ಎಂದು ನನಗೂ ಅನಿಸಿತು. ಆದರೆ ಕಂಬ ಒಡೆಯುವ ದೃಶ್ಯ ಬರುವ ಮೊದಲು, ಪ್ರಹ್ಲಾದ ಅಪ್ಪನಿಗೆ ಉತ್ತರ ಕೊಡುವಾಗ, ನನ್ನ ಮಗಳು ಕುರ್ಚಿಯ ಮೇಲೆ ನಿಂತು ಅವನಿಗೂ ಮೊದಲೇ ಉತ್ತರ ಹೇಳಿದಳು. ನಾನು ಅವಳನ್ನು ಕೂರಿಸಲಿಲ್ಲ. ಇಡೀ ಚಿತ್ರಮಂದಿರದಲ್ಲಿ ಅಂಥ ಮಕ್ಕಳ ದನಿ ಕೇಳುತ್ತಿತ್ತು. ಪರದೆಗೆ ತಿರುಗಿ ಮಾತನಾಡುವುದು ಎಂದರೆ ಏನು ಎಂಬುದನ್ನು ನಾನು ಮೂವತ್ತೈದನೆಯ ವಯಸ್ಸಿನಲ್ಲಿ ಅವಳಿಂದ ಕಂಡೆ. ಬಾಗಿಲಲ್ಲಿ ನಿಂತು ನೋಡಿದವನಿಗೆ ಆ ಧೈರ್ಯ ಬಂದಿರಲಿಲ್ಲ.

ನಿಮಗೊಂದು ಪ್ರಶ್ನೆ. ಮೊದಲ ಬರಹ ಓದಿದಾಗಿನಿಂದ ಕೇಳಬೇಕೆಂದಿದ್ದೆ. ನಿಮ್ಮ ದೊಡ್ಡತ್ತೆಗೆ ಇಂಗ್ಲಿಷ್ ಬರುತ್ತಿತ್ತೇ?

ಕರಾವಳಿ ಕಿಟಕಿ

ಇದೇ ಪ್ರಶ್ನೆ ನನ್ನದೂ ಆಗಿತ್ತು. ಉತ್ತರಕ್ಕೆ ಕಾಯುತ್ತಿದ್ದೇನೆ.

ಹೇಮಾವತಿ ತೀರ

ಈ ಪ್ರಶ್ನೆಯನ್ನು ನಾನು ಇಷ್ಟು ವರ್ಷ ನನಗೇ ಕೇಳಿಕೊಂಡಿರಲಿಲ್ಲ ಎಂಬುದು ಬಯಲುಸೀಮೆ ಅವರು ಕೇಳಿದ ಮೇಲೆಯೇ ಹೊಳೆದದ್ದು. ಒಂಬತ್ತು ವರ್ಷದವನ ಪಾಲಿಗೆ ಅತ್ತೆಗೆ ಎಲ್ಲವೂ ತಿಳಿದಿತ್ತು, ಆ ನಂಬಿಕೆ ಹಾಗೆಯೇ ಉಳಿದುಬಿಟ್ಟಿತ್ತು. ಅತ್ತೆಗೆ ಈಗ ಎಂಬತ್ತೊಂದು. ನಿನ್ನೆ ಸಂಜೆ ಅರಸೀಕೆರೆಯಲ್ಲಿರುವ ಅವರ ಮಗಳ ಮನೆಗೆ ಫೋನ್ ಮಾಡಿದೆ.

ಅತ್ತೆ ಓದಿದ್ದು ಮೂರನೆಯ ತರಗತಿ. ಇಂಗ್ಲಿಷ್ ಒಂದು ಅಕ್ಷರವೂ ಬರುತ್ತಿರಲಿಲ್ಲ. ಕ್ಯಾಸೆಟ್ ತಂದ ನೆಂಟರು ಮೊದಲೇ ಕಥೆ ಹೇಳಿದ್ದರೇ ಎಂದು ಕೇಳಿದೆ. ಅವರು ಊರಿಗೆ ಬಂದ ದಿನವೇ ಬೇರೆ ನೆಂಟರ ಮನೆಗೆ ಹೋಗಿದ್ದರಂತೆ, ಕಥೆ ಹೇಳುವವರು ಯಾರೂ ಇರಲಿಲ್ಲವಂತೆ. ಹಾಗಾದರೆ ಹೇಗೆ ಹೇಳಿದಿರಿ ಎಂದೆ. “ಕಣ್ಣಿಗೆ ಕಾಣ್ತಿತ್ತಲ್ಲಪ್ಪ” ಎಂದರು. ನಾವು ಇಪ್ಪತ್ತು ಜನ ನೋಡುತ್ತಿದ್ದ ಅವೇ ಗೆರೆಗಳನ್ನು ಅವರೂ ನಮ್ಮ ಹಿಂದೆ ಕುಳಿತು ನೋಡುತ್ತಿದ್ದರು, ನೋಡಿದ್ದನ್ನು ಕೂಡಲೇ ಹೇಳುತ್ತಿದ್ದರು, ಅಷ್ಟೇ. ಕಾಲಿನ ಸರಪಳಿಯನ್ನು ಅವರು ನಮಗಿಂತ ಮೊದಲು ಕಂಡಿದ್ದರು, ಏಕೆಂದರೆ ಕಟ್ಟಿಹಾಕಿದ ಹಸು ಕರುವಿನ ಕಡೆ ಕತ್ತು ಚಾಚುವುದನ್ನು ಅವರು ದಿನವೂ ಕೊಟ್ಟಿಗೆಯಲ್ಲಿ ನೋಡುತ್ತಿದ್ದರು. ಗೆರೆಬಣ್ಣ ಅವರು ಹೇಳಿದ ಪರೀಕ್ಷೆಯಲ್ಲಿ ನಿಜವಾಗಿ ಕುಳಿತಿದ್ದವರು ಅತ್ತೆ.

ಕೆಲವನ್ನು ಅವರು ತಾವೇ ಸೇರಿಸಿದ್ದರು ಎಂಬುದೂ ಈಗ ಗೊತ್ತಾಯಿತು. ರಾತ್ರಿಯಲ್ಲಿ ಡಂಬೊನನ್ನು ತಾಯಿಯ ಬಂಡಿಯವರೆಗೆ ಕರೆದುಕೊಂಡು ಹೋಗುವ ಕೆಂಪು ಅಂಗಿಯ ಇಲಿಯನ್ನು ಅವರು ನಮಗೆ ಆನೆಮರಿಯ ಸೋದರಮಾವ ಎಂದು ಹೇಳಿದ್ದರು. ಅಮ್ಮ ಇಲ್ಲದ ಹೊತ್ತಿನಲ್ಲಿ ಮಗುವಿನ ಕೈ ಹಿಡಿಯುವವನು ಇನ್ಯಾರಿರುತ್ತಾನೆ ಎಂಬುದು ಅವರ ಲೆಕ್ಕ. ನಾನು ಹೈಸ್ಕೂಲಿಗೆ ಬರುವವರೆಗೂ ಅದನ್ನೇ ನಂಬಿದ್ದೆ.

ಮಗನೂ ಪಕ್ಕದಲ್ಲಿ ಕುಳಿತು ಈ ಫೋನ್ ಮಾತನ್ನೆಲ್ಲ ಕೇಳಿಸಿಕೊಂಡ. ಈ ಭಾನುವಾರ ಧ್ವನಿ ತೆಗೆದು ನೋಡೋಣ, ಅಜ್ಜಿಗೆ ವಿಡಿಯೊ ಕರೆ ಮಾಡಿ ಪರದೆಯ ಮುಂದೆ ಕೂರಿಸೋಣ ಎಂದಿದ್ದಾನೆ. ಇಲಿ ಬರುವ ಹೊತ್ತಿಗೆ “ಮಾವ ಬಂದ” ಎಂದು ಹೇಳುವುದು ತಾನೇ ಎಂದು ಈಗಲೇ ಅಜ್ಜಿಯಿಂದ ಮಾತು ತೆಗೆದುಕೊಂಡಿದ್ದಾನೆ.